ಅಲಾಯ್ ಚಕ್ರಕ್ಕೆ ಆಸಿಡ್ ಕಲೆ: ಉಜ್ಜುವ ಮೊದಲು ನೋಡಿ

ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಿಂದ ಕುಕ್ಕೆಗೆ ಬಾಡಿಗೆ ಓಡಿಸುವವರಿಗೆ ಮಳೆಗಾಲದಲ್ಲಿ ಕಾರು ತೊಳೆಯುವುದೇ ಒಂದು ಕೆಲಸ. ಕೆಂಪು ಮಣ್ಣಿನ ರಾಡಿ, ಅದರ ಮೇಲೆ ಶಿರಾಡಿ ಘಾಟಿ ಇಳಿದಾಗ ಕೂತ ಬ್ರೇಕ್ ಧೂಳು. ಎರಡೂ ಸೇರಿದರೆ ಶಾಂಪೂ ನೀರಿಗೆ ಬಗ್ಗುವುದಿಲ್ಲ. ಆಗ ಬಚ್ಚಲಿನ ಆಸಿಡ್ ಬಾಟಲಿ ಹೊರಬರುತ್ತದೆ. ರಬ್ಬರ್ ತೋಟ ಇರುವ ಮನೆಯಾದರೆ ಶೀಟಿಗೆಂದು ತಂದಿಟ್ಟ ಫಾರ್ಮಿಕ್ ಆಸಿಡ್ ಇದ್ದೇ ಇದೆ. ಸುರಿದ ತಕ್ಷಣ ಚಕ್ರ ಫಳಫಳ. ಒಣಗಿದ ಮೇಲೆ ನೋಡಿದರೆ ಸುಣ್ಣದ ನೀರು ಇಳಿದ ಹಾಗೆ ಬಿಳಿ ಗೀಟುಗಳು.

ಅಲಾಯ್ ಚಕ್ರದ ಮೈ ಅಲ್ಯೂಮಿನಿಯಂ ಮಿಶ್ರಲೋಹ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಅಲ್ಯೂಮಿನಿಯಂಗೆ ಆಸಿಡ್ ಮಾತ್ರವಲ್ಲ, ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಕೂಡ ಆಗಿಬರುವುದಿಲ್ಲ. ಕ್ಲಿಯರ್ ಕೋಟ್ ಗಟ್ಟಿಯಿದ್ದರೆ ಹಾನಿ ಮೇಲ್ಮೈಯಲ್ಲೇ ನಿಲ್ಲುತ್ತದೆ. ಜಲ್ಲಿಕಲ್ಲು ಹೊಡೆದು ಎಲ್ಲಾದರೂ ಚಕ್ಕೆ ಹಾರಿದ್ದರೆ ಆಸಿಡ್ ಅಲ್ಲಿಂದ ಒಳನುಗ್ಗಿ ಪದರದ ಅಡಿಯಲ್ಲೇ ಹಬ್ಬುತ್ತದೆ. ಮತ್ತಷ್ಟು ಆಸಿಡ್ ಹಾಕಿ ಉಜ್ಜಿದರೆ ಈ ಕಲೆ ಹೋಗದು, ಹೆಚ್ಚುತ್ತದೆ.

ಹೊಸ ಕಲೆಯಾದರೆ ಮೊದಲು ಚಕ್ರ ಪೂರ್ತಿ ತಣಿಯಲಿ. ಘಾಟಿ ಇಳಿದು ಬಂದ ಬಿಸಿ ಚಕ್ರದ ಮೇಲೆ ಯಾವ ಕ್ಲೀನರ್ ಹಾಕಿದರೂ ಅಲ್ಲೇ ಒಣಗಿ ಗೀಟು ಬೀಳುತ್ತದೆ. ಅರ್ಧಕ್ಕರ್ಧ ಕಲೆಗಳ ಮೂಲವೇ ಇದು ಎಂಬುದು ನನ್ನ ಅನಿಸಿಕೆ. ಕೈಗೆ ಗ್ಲೌಸ್ ಹಾಕಿ, ಪೈಪಿನಲ್ಲಿ ಧಾರಾಳ ನೀರು ಬಿಡಿ. ನಟ್ಟಿನ ಗುಂಡಿ, ರಿಮ್ಮಿನ ಒಳಬದಿ ಬಿಡಬೇಡಿ. ಹಾಕಿದ್ದು ಆಸಿಡ್ ಎಂದು ಖಚಿತವಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಸವರಿ, ಕೂಡಲೇ ತೊಳೆಯಿರಿ. ಆಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಮಾತ್ರ ಬೇಡ. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟೀತು.

ಈಗ ಹಳೇ ಬೈರಾಸಿನಲ್ಲಿ ಒರೆಸಿ, ಒಣಗಿಸಿ, ಬೆಳಕಿನಲ್ಲಿ ನೋಡಿ. ಬೆರಳಲ್ಲಿ ನೀರು ಸವರಿದಾಗ ಕಲೆ ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಸಮಸ್ಯೆ ಮೇಲ್ಮೈಯದು, ಮನೆಯಲ್ಲೇ ಸರಿಪಡಿಸಬಹುದು. ಒದ್ದೆಯಿದ್ದಾಗಲೂ ಬಿಳಿಯಾಗಿಯೇ ಕಂಡರೆ, ಉಗುರು ಆಡಿಸಿದಾಗ ಅಂಚು ತಡೆದರೆ, ಕ್ಲಿಯರ್ ಕೋಟ್ ಎದ್ದಿದೆ ಎಂದರ್ಥ.

ಮೇಲ್ಮೈಯ ಕಲೆಗೆ ಸೌಮ್ಯವಾದದ್ದರಿಂದಲೇ ಶುರು ಮಾಡಿ. ಅಂಗಡಿಯ ಆಸಿಡ್‌ರಹಿತ ಕ್ಲೀನರ್ ಒಣಗಿ ಆದ ಗೀಟಾದರೆ ಅದೇ ಕ್ಲೀನರನ್ನು ಮತ್ತೆ ಹಾಕಿ, ಒದ್ದೆಯಿರುವಾಗಲೇ ಬ್ರಷ್ ಆಡಿಸಿ ತೊಳೆದುಬಿಡಿ. ಬ್ರೇಕ್ ಧೂಳಿನ ಕಬ್ಬಿಣ ತಾಗಿದಾಗ ನೇರಳೆ ಬಣ್ಣಕ್ಕೆ ತಿರುಗುವ ದ್ರಾವಣಗಳ ಕಲೆ ಹೆಚ್ಚಾಗಿ ಹೀಗೆಯೇ ಬಿಡುತ್ತದೆ. ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಯಲ್ಲಿ ಒಂದೆರಡು ನಿಮಿಷ ಒತ್ತಿಹಿಡಿದು ತೊಳೆಯಿರಿ. ಅಡಿಕೆಗೆ ಮದ್ದು ಬಿಡುವಾಗ ತೋಟದ ಬದಿ ನಿಲ್ಲಿಸಿದ ಕಾರಿಗೆ ಹಾರಿದ ಬೋರ್ಡೋ ದ್ರಾವಣದ ನೀಲಿ ಕಲೆಗೂ ಇದೇ ಉಪಾಯ. ಅದರಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ, ಹುಳಿಗೆ ಕರಗುತ್ತವೆ. ಬಣ್ಣವಿಲ್ಲದ ಬರೀ ಅಲ್ಯೂಮಿನಿಯಂ ಚಕ್ರಕ್ಕೆ ವಿನೆಗರ್ ಬೇಡ.

ಇಷ್ಟಾದರೂ ಮಂಕು ಉಳಿದಿದ್ದರೆ ಕಾರಿನ ಬಣ್ಣಕ್ಕೆ ಬಳಸುವ ರಬ್ಬಿಂಗ್ ಕಾಂಪೌಂಡ್, ಅದರಲ್ಲೂ ನಯವಾದದ್ದು, ತನ್ನಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಕಡಲೆಗಾತ್ರ ಹಚ್ಚಿ ನೋಡಿ. ಮೈಕ್ರೋಫೈಬರ್ ಬಟ್ಟೆ ಸುತ್ತಿದ ಎರಡು ಬೆರಳಿಂದ, ಒಂದೊಂದೇ ಕಡ್ಡಿಯಂತೆ, ಹಗುರವಾಗಿ ಉಜ್ಜಿ. ಬಟ್ಟೆಗೆ ಚಕ್ರದ ಬಣ್ಣ ಹತ್ತಿದರೆ ಅಲ್ಲಿಗೆ ನಿಲ್ಲಿಸಿ, ಕ್ಲಿಯರ್ ಕೋಟ್ ಮುಗಿದಿದೆ. ಹೊಳಪು ಬಂದರೆ ವ್ಯಾಕ್ಸ್ ಹಚ್ಚಿ. ಮುಂದಿನ ಸಲ ರಾಡಿ ಅಷ್ಟಾಗಿ ಅಂಟುವುದಿಲ್ಲ.

ಪದರವೇ ಎದ್ದಿದ್ದರೆ ಚಕ್ರ ಬಿಚ್ಚಬೇಕು. ಎದ್ದ ಭಾಗವನ್ನು 400ರ ವಾಟರ್ ಪೇಪರಿನಲ್ಲಿ ಗಟ್ಟಿ ಅಂಚು ಸಿಗುವವರೆಗೆ ಉಜ್ಜಿ, 800ರಲ್ಲಿ ನಯಗೊಳಿಸಿ, ಒಣಗಿಸಿ. ಟೈರಿಗೂ ರಿಮ್ಮಿಗೂ ನಡುವೆ ಹಳೇ ಇಸ್ಪೀಟ್ ಎಲೆಗಳನ್ನು ಸುತ್ತಲೂ ಸಿಕ್ಕಿಸಿದರೆ ಟೈರಿಗೆ ಬಣ್ಣ ತಾಗದು. ಅಲ್ಯೂಮಿನಿಯಂಗೆ ಹಿಡಿಯುವ ಪ್ರೈಮರ್, ವೀಲ್ ಪೇಂಟ್, ಕ್ಲಿಯರ್ ಲ್ಯಾಕರ್ ಈ ಕ್ರಮದಲ್ಲಿ ತೆಳುವಾಗಿ ಸ್ಪ್ರೇ ಮಾಡಿ, ಒಂದು ಒಣಗಿದ ಮೇಲೆ ಇನ್ನೊಂದು. ಈ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಬೇಡವೇ ಬೇಡ. ಗಾಳಿಯ ತೇವ ಹಿಡಿದು ಲ್ಯಾಕರ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ದೀಪಾವಳಿ ಕಳೆದು ಒಳ್ಳೆ ಬಿಸಿಲು ಬರಲಿ.

ಡೈಮಂಡ್ ಕಟ್ ಚಕ್ರಕ್ಕೆ ಮಾತ್ರ ವಾಟರ್ ಪೇಪರ್ ತಾಗಿಸಬೇಡಿ. ಅದರ ಮುಖದ ಸೂಕ್ಷ್ಮ ಗೆರೆಗಳು ಲೇತ್ ಯಂತ್ರದಲ್ಲಿ ಕೊರೆದವು, ಕೈಯಲ್ಲಿ ಮತ್ತೆ ಬರುವುದಿಲ್ಲ. ಸಿಎನ್‌ಸಿ ಲೇತ್ ಇರುವವರ ಬಳಿಗೇ ಒಯ್ಯಬೇಕು. ಪ್ರತಿ ಸಲ ಒಂದಿಷ್ಟು ಲೋಹ ಸವೆಯುವುದರಿಂದ ಅದನ್ನೂ ಪದೇ ಪದೇ ಮಾಡಿಸಲಾಗದು.

ಬ್ರೇಕ್ ಡಿಸ್ಕಿಗೆ ವ್ಯಾಕ್ಸ್, ಪಾಲಿಶ್ ಹಾರದಂತೆ ಬಟ್ಟೆ ಮುಚ್ಚಿಯೇ ಕೆಲಸ ಮಾಡಿ. ಬಿಚ್ಚಿದ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಬಾಡಿಗೆಗೆ ಹೊರಡುವ ಮೊದಲು ಮಟ್ಟಸ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ನಾಲ್ಕಾರು ಸಲ ಬ್ರೇಕ್ ಒತ್ತಿ ನೋಡಿ.