ಮೊದಲ ಸೂಲಿಗೆ ಮುನ್ನ

ನಿಮ್ಮ ಮನೆಯಲ್ಲಿ ಮುಧೋಳ ತಳಿಯ ಹೆಣ್ಣುನಾಯಿ ಇದೆ, ಅದಕ್ಕೆ ಎರಡು ವರ್ಷ ತುಂಬುತ್ತ ಬಂದಿದೆ, ಒಂದು ಸಲ ಮರಿ ಹಾಕಿಸೋಣ ಅಂತ ಮನಸ್ಸಾಗಿದೆ ಎಂದಿಟ್ಟುಕೊಳ್ಳೋಣ. ಒಳ್ಳೆಯ ಗಂಡು ಎಲ್ಲಿದೆ ಎಂದು ವಿಚಾರಿಸಲು ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ಹುಟ್ಟುವ ಮರಿಗಳನ್ನು ಯಾರ್ಯಾರು ಒಯ್ಯುತ್ತಾರೆ ಎಂದು ಬರೆಯಿರಿ. ‘ಮರಿ ಆದ್ರೆ ನನಗೊಂದು ಇರಲಿ’ ಅಂದವರನ್ನೆಲ್ಲ ಸೇರಿಸಬೇಡಿ. ಆ ಮಾತಿಗೆ ದುಡ್ಡು ಬೀಳುವುದಿಲ್ಲ. ಓಡಾಡಲು ಬೇಲಿ ಇರುವ ಜಾಗ, ದಿನಾ ಓಡಿಸುವ ಪುರುಸೊತ್ತು, ಮುಂದಿನ ಹತ್ತು-ಹನ್ನೆರಡು ವರ್ಷ ಸಾಕುವ ಮನಸ್ಸು ಇರುವವರನ್ನು ಮಾತ್ರ ಬರೆಯಿರಿ. ಇದು ಬೇಟೆನಾಯಿ. ಓಡುವ ಬೆಕ್ಕು, ಕೋಳಿ ಕಂಡರೆ ಅದರ ಕಾಲು ನಿಲ್ಲುವುದಿಲ್ಲ. ಒಂದು ಸೂಲಿಗೆ ನಾಲ್ಕು ಮರಿಯೂ ಆಗಬಹುದು, ಎಂಟೂ ಆಗಬಹುದು. ಹಾಳೆಯಲ್ಲಿ ಎರಡೇ ಹೆಸರು ಉಳಿದರೆ ಈ ಬೆದೆ ಸುಮ್ಮನೆ ದಾಟಿಹೋಗಲಿ.

ಆಗ ಅಕ್ಕಪಕ್ಕದವರು ಒಂದು ಮಾತು ಹೇಳುತ್ತಾರೆ: ‘ಹೆಣ್ಣುನಾಯಿ ಒಮ್ಮೆಯಾದ್ರೂ ಮರಿ ಹಾಕ್ಬೇಕು, ಇಲ್ಲಾಂದ್ರೆ ಕಾಯಿಲೆ ಬರುತ್ತೆ.’ ಇದಕ್ಕೆ ಪಶುವೈದ್ಯದಲ್ಲಿ ಆಧಾರವಿಲ್ಲ. ವಯಸ್ಸಾದ ಹೆಣ್ಣುನಾಯಿಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದು ನಿಜ. ಅದನ್ನು ತಪ್ಪಿಸುವುದು ಸಂತಾನಹರಣ ಶಸ್ತ್ರಚಿಕಿತ್ಸೆಯೇ ಹೊರತು ಸೂಲಲ್ಲ. ಮರಿ ಬೇಕು ಅನ್ನುವುದು ನಿಮ್ಮ ಆಸೆ, ನಾಯಿಯದ್ದಲ್ಲ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋದರೆ ಉಳಿದ ಕೆಲಸ ಸಲೀಸು.

ಇನ್ನು ನಿಮ್ಮ ನಾಯಿಯನ್ನು ಹೊರಗಿನವರ ಕಣ್ಣಿನಿಂದ ನೋಡಿ. ಅಪರಿಚಿತರು ಬಂದರೆ ಮೂಲೆ ಸೇರಿ ನಡುಗುತ್ತದೆಯೇ? ಮಕ್ಕಳ ಮೇಲೆ ಹಲ್ಲು ಕಿರಿಯುತ್ತದೆಯೇ? ವರ್ಷವಿಡೀ ಚರ್ಮದ ತುರಿಕೆಯೇ? ಹಾಗಿದ್ದರೆ ಎಷ್ಟೇ ಚೆಂದದ ಮೈಕಟ್ಟಿದ್ದರೂ ಅದರಿಂದ ಮರಿ ಪಡೆಯಬೇಡಿ. ಅಂಜುಬುರುಕತನವೂ ರಕ್ತದಲ್ಲಿ ಇಳಿದುಬರುತ್ತದೆ. ವಂಶಾವಳಿಯ ಸರ್ಟಿಫಿಕೇಟು ಅಪ್ಪ-ಅಜ್ಜ ಯಾರೆಂದು ಹೇಳುತ್ತದೆ, ಅವರು ಆರೋಗ್ಯವಾಗಿದ್ದರೆಂದು ಹೇಳುವುದಿಲ್ಲ. ‘ಪೇಪರ್ ಇದೆ’ ಅಂದ ತಕ್ಷಣ ಮಾತು ಮುಗಿಸುವವರನ್ನು ಕಂಡರೆ ನನಗೆ ಅನುಮಾನ.

ಗಂಡಿನ ಆಯ್ಕೆಯಲ್ಲಿ ಮುಧೋಳ ನಾಯಿಗೆ ಒಂದು ವಿಶೇಷ ತೊಡಕಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ಘೋರ್ಪಡೆ ಅರಸರ ಆಸರೆಯಲ್ಲಿ ಬೆಳೆದುಬಂದ ತಳಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಯ ಮೀರತ್ ಕೇಂದ್ರಕ್ಕೂ ಹೋಯಿತು. ಹೆಸರು ದೊಡ್ಡದಾದರೂ ತಳಿ ಹಬ್ಬಿರುವುದು ಹೆಚ್ಚಾಗಿ ಆ ಸೀಮೆಯ ಊರುಗಳಲ್ಲೇ. ಓಟದಲ್ಲಿ ಗೆದ್ದ ಒಂದು ಗಂಡಿಗೆ ಸುತ್ತಲಿನ ಹೆಣ್ಣುಗಳನ್ನೆಲ್ಲ ಕೂಡಿಸಿದರೆ ನಾಲ್ಕೇ ವರ್ಷದಲ್ಲಿ ಎಲ್ಲವೂ ಒಂದೇ ಅಪ್ಪನ ಮಕ್ಕಳು. ಅಣ್ಣ-ತಂಗಿಯನ್ನೋ ಅಪ್ಪ-ಮಗಳನ್ನೋ ಕೂಡಿಸಿದಾಗ ಹುಟ್ಟುವ ಮರಿಯ ಒಳಸಂತಾನದ ಪ್ರಮಾಣ ಶೇ. 25. ತಂದೆ ಒಬ್ಬನೇ ಆಗಿ ತಾಯಿ ಬೇರೆಯಾದರೆ ಶೇ. 12.5, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾದರೆ ಶೇ. 6.25. ಅಂದರೆ ಅಷ್ಟು ಪಾಲು ವಂಶವಾಹಿಗಳಲ್ಲಿ ಎರಡೂ ಕಡೆಯಿಂದ ಒಂದೇ ಪ್ರತಿ ಬಂದು ಕೂರುವ ಸಂಭವವಿದೆ. ಅಡಗಿದ್ದ ದೋಷ ಹೊರಬೀಳುವುದು ಹೀಗೆ. ಸೂಲು ಚಿಕ್ಕದಾಗುವುದು, ಮರಿ ಬದುಕದಿರುವುದೂ ಹೀಗೆಯೇ. ಕನಿಷ್ಠ ಮೂರು ತಲೆಮಾರು ವಿಚಾರಿಸಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಗಂಡಿನ ಹಿನ್ನೆಲೆ ಕೇಳಲು ಹೋಗುವುದಾದರೆ ಮೊದಲು ಅಲ್ಲಿಗೆ ಹೋಗಿ.

ಕೂಡಿಸುವ ಮುಂಚೆ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ಪರೀಕ್ಷೆ ಮಾಡಿಸಿ. ಗರ್ಭಪಾತ ಮಾಡಿಸುವ ಈ ಸೋಂಕು ಮದ್ದಿಗೆ ಪೂರ್ತಿ ಬಗ್ಗುವುದಿಲ್ಲ, ಮನುಷ್ಯರಿಗೂ ತಗಲುತ್ತದೆ. ಹೆಣ್ಣಿನ ಲಸಿಕೆ, ಜಂತುಹುಳುವಿನ ಔಷಧಿ ಬಾಕಿಯಿದ್ದರೆ ಅದನ್ನೂ ಆಗಲೇ ಮುಗಿಸಬೇಕು.

ಕಾನೂನಿನ ಮಾತೂ ಇದೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ಮರಿ ಹುಟ್ಟಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಕೂಡಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಮಗೆ ಇದು ಅನ್ವಯಿಸುತ್ತದೆಯೇ ಎಂದು ಪಶುಪಾಲನಾ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಈಗ ಬೆದೆ. ಹೊಸಬರು ಎಡವುವುದು ದಿನದ ಲೆಕ್ಕದಲ್ಲಿ. ರಕ್ತ ಕಂಡ ಮೊದಲ ಒಂಬತ್ತು ದಿನಗಳ ಆಸುಪಾಸು ಗಂಡುಗಳು ಗೇಟಿನ ಹೊರಗೆ ಕಾದು ನಿಂತಿರುತ್ತವೆ, ಹೆಣ್ಣು ಮಾತ್ರ ಹತ್ತಿರ ಬಿಡುವುದಿಲ್ಲ. ಆಮೇಲೆ ಸ್ರಾವ ತೆಳುವಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಸೊಂಟ ಮುಟ್ಟಿದರೆ ಹೆಣ್ಣು ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಕೂಡಿಸುವ ಕಾಲ ಇದು. ‘ಹನ್ನೊಂದು, ಹದಿಮೂರನೇ ದಿನ’ ಎಂಬ ಬಾಯಿಲೆಕ್ಕ ಬಹಳ ನಾಯಿಗಳಿಗೆ ಹೊಂದುತ್ತದೆ, ಎಲ್ಲಕ್ಕೂ ಅಲ್ಲ. ಕೆಲವು ಏಳನೇ ದಿನಕ್ಕೇ ಸಿದ್ಧ, ಕೆಲವಕ್ಕೆ ಇಪ್ಪತ್ತು ದಾಟಬೇಕು. ಗಟ್ಟಿಯಾಗಿ ತಿಳಿಯಬೇಕೆಂದರೆ ಎರಡು-ಮೂರು ದಿನಕ್ಕೊಮ್ಮೆ ರಕ್ತದ ಪ್ರೊಜೆಸ್ಟೆರಾನ್ ಪರೀಕ್ಷೆ ಮಾಡಿಸಿ. ಅದು ಮಿಲಿಲೀಟರಿಗೆ ಸುಮಾರು 5 ನ್ಯಾನೊಗ್ರಾಂ ಮುಟ್ಟಿದಾಗ ಅಂಡ ಬಿಡುಗಡೆಯಾಗುತ್ತದೆ. ನಾಯಿಗಳಲ್ಲಿ ಆ ಅಂಡ ಬಲಿಯಲು ಇನ್ನೂ ಎರಡು ದಿನ ಬೇಕು. ಹಾಗಾಗಿ ಬಿಡುಗಡೆಯ ಎರಡನೇ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ ಕೂಡಿಸಿದರೆ ಸಾಕು.

ಕೂಡುವಾಗ ಎರಡೂ ಬೆನ್ನು ತಿರುಗಿಸಿ ಅಂಟಿಕೊಂಡು ನಿಲ್ಲುತ್ತವೆ, ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ನೀರೆರಚುವುದು, ಎಳೆದು ಬಿಡಿಸುವುದು ಖಂಡಿತ ಬೇಡ, ಎರಡಕ್ಕೂ ಪೆಟ್ಟಾಗುತ್ತದೆ. ಒಲ್ಲದ ಹೆಣ್ಣಿನ ಬಾಯಿ ಕಟ್ಟಿ ಹಿಡಿದು ಕೂಡಿಸುವವರಿದ್ದಾರೆ. ಅಂಥ ಕಡೆಯಿಂದ ನಾಯಿಯನ್ನು ವಾಪಸು ಕರೆದುಕೊಂಡು ಬನ್ನಿ. ಬೆದೆ ಪೂರ್ತಿ ಮುಗಿಯುವವರೆಗೆ ಬೀದಿಯ ಗಂಡುಗಳಿಂದ ದೂರವಿಡಿ. ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟುವುದುಂಟು.

ಗಬ್ಬದ ಕಾಲ ಒಂಬತ್ತು ವಾರ, ಅಂಡ ಬಿಡುಗಡೆಯಿಂದ ಎಣಿಸಿದರೆ 63 ದಿನ. ನಾಲ್ಕನೇ ವಾರದಲ್ಲಿ ಸ್ಕ್ಯಾನಿಂಗ್, 55ನೇ ದಿನ ದಾಟಿದ ಮೇಲೆ ಒಂದು ಎಕ್ಸ್-ರೇ. ಎಕ್ಸ್-ರೇಗೆ ಖರ್ಚೇಕೆ ಅನ್ನಬೇಡಿ. ಒಳಗೆ ಆರು ಮರಿ ಇವೆಯೆಂದು ಗೊತ್ತಿದ್ದರೆ ಮಾತ್ರ ಐದು ಹುಟ್ಟಿದ ಮೇಲೆ ಇನ್ನೊಂದಕ್ಕೆ ಕಾಯುತ್ತೀರಿ. ಮೊದಲ ಐದು ವಾರ ಊಟ ಹೆಚ್ಚಿಸುವುದು ಬೇಡ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಗಬ್ಬದ ನಾಯಿಗೆ ಕ್ಯಾಲ್ಸಿಯಂ ಟಾನಿಕ್ ಕುಡಿಸುವ ರೂಢಿ ನಮ್ಮಲ್ಲಿ ಬಹಳ, ಅದು ತಿರುಗುಬಾಣ. ಹೊರಗಿನಿಂದ ಸಿಕ್ಕುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ಮೈ ಮರೆಯುತ್ತದೆ. ಹಾಲು ಇಳಿಯತೊಡಗಿದಾಗ ಒಮ್ಮೆಲೇ ಕೊರತೆಯಾಗಿ ತಾಯಿ ನಡುಗಿ ಸೆಟೆದುಕೊಳ್ಳುತ್ತದೆ. ಡಾಕ್ಟರು ಹೇಳದೆ ಕೊಡಬೇಡಿ. ಮರಿ ಹಾಲು ಕುಡಿಯುವ ವಾರಗಳಲ್ಲಿ ತಾಯಿ ಏದುಸಿರು ಬಿಡುತ್ತ ನಡುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಕೊನೆಯ ವಾರ ದಿನಕ್ಕೆ ಎರಡು ಸಲ ಜ್ವರದ ಕಡ್ಡಿಯಿಂದ ಮೈಬಿಸಿ ನೋಡಿ ಬರೆದಿಡಿ. ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದು 37ಕ್ಕಿಂತ ಕೆಳಗಿಳಿದರೆ ಹೆಚ್ಚಾಗಿ ಒಂದು ದಿನದೊಳಗೆ ಹೆರಿಗೆ. ನಾಯಿ ಹಾಸಿಗೆ ಕೆರೆಯುತ್ತದೆ, ಊಟ ಬಿಡುತ್ತದೆ. ನೀವು ಮಾಡಬೇಕಾದ ದೊಡ್ಡ ಕೆಲಸವೆಂದರೆ ನೆಂಟರಿಷ್ಟರನ್ನು ಆ ಕೋಣೆಯಿಂದ ಹೊರಗಿಡುವುದು. ಯಾವಾಗ ಕಾಯಬೇಕು, ಯಾವಾಗ ಕಾಯಬಾರದು ಎಂಬುದನ್ನು ಮಾತ್ರ ಗೋಡೆಗೆ ಬರೆದು ಅಂಟಿಸಿ: ಜೋರಾಗಿ ಮುಕ್ಕಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಒಳಗೆ ಇನ್ನೂ ಮರಿ ಇದ್ದು ಎರಡು ಗಂಟೆ ಸುಮ್ಮನೆ ಕಳೆದರೆ, ಮೊದಲ ಮರಿಗೂ ಮುಂಚೆ ಕಡುಹಸಿರು ಸ್ರಾವ ಕಂಡರೆ ಡಾಕ್ಟರಿಗೆ ಫೋನು. ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಡಾಕ್ಟರನ್ನು ಹುಡುಕುವ ಕೆಲಸ ಆಗ ಅಲ್ಲ, ಗಬ್ಬ ಕಟ್ಟುವ ಮುಂಚೆ. ಸಿಸೇರಿಯನ್ ಬೇಕಾದರೆ ಇದು ಬೇಟೆನಾಯಿ ಎಂದು ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಜಾತಿಗೆ ಕೆಲವು ಹಳೆಯ ಅರಿವಳಿಕೆ ಮದ್ದುಗಳಿಂದ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ.

ಪ್ರತಿ ಮರಿಯ ಜೊತೆ ಕಸ ಬಿತ್ತೇ ಎಂದು ಎಣಿಸಿಕೊಳ್ಳಿ. ತಾಯಿ ಪೊರೆ ಹರಿಯದಿದ್ದರೆ ನೀವೇ ಹರಿದು, ಒಣಬಟ್ಟೆಯಿಂದ ಮೂಗು ಒರೆಸಿ, ಮೈ ಉಜ್ಜಿ. ಮೊದಲ ದಿನದ ಗಿಣ್ಣುಹಾಲು ಎಲ್ಲ ಮರಿಗೂ ಸಿಗಲೇಬೇಕು. ಮೊದಲ ವಾರ ಮರಿಗಳಿಗೆ ಮೈಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಮಲಗುವ ಜಾಗ 30 ಡಿಗ್ರಿ ಆಸುಪಾಸು ಬೆಚ್ಚಗಿರಲಿ, ಬಿಸಿಯಾದರೆ ಸರಿದುಹೋಗಲು ತಂಪಿನ ಮೂಲೆಯೂ ಇರಲಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕ ಇಮ್ಮಡಿಯಾಗಬೇಕು. ತೂಕ ಏರದ ಮರಿ ಅಳುವ ಮೊದಲೇ ತಕ್ಕಡಿ ಹೇಳಿಬಿಡುತ್ತದೆ. ಎರಡನೇ ವಾರ ಕಣ್ಣು ತೆರೆಯುತ್ತವೆ, ಆಗಲೇ ಜಂತುಹುಳುವಿನ ಮೊದಲ ಔಷಧಿ.

ಮೂರನೇ ವಾರದಿಂದ ಹೊಸ ಕೆಲಸ ಶುರು. ಮಿಕ್ಸಿ ಸದ್ದು, ಪೊರಕೆ, ಮಕ್ಕಳ ಕೂಗು, ಗಡ್ಡದವರು, ಛತ್ರಿ ಹಿಡಿದವರು, ಎಲ್ಲವನ್ನೂ ಮರಿಗಳು ಹೆದರದೆ ನೋಡಬೇಕಾದ ವಾರಗಳಿವು. ಶೆಡ್ಡಿನಲ್ಲಿ ಕೂಡಿಹಾಕಿ ಬೆಳೆಸಿದ ಮುಧೋಳ ಮರಿ ದೊಡ್ಡದಾದ ಮೇಲೆ ಮನುಷ್ಯರ ನೆರಳಿಗೂ ಬೆಚ್ಚುತ್ತದೆ, ಆಮೇಲೆ ತಿದ್ದುವುದು ಕಷ್ಟ.

ಎಂಟು ವಾರವಾದ ಮೇಲೆ ಹಳೆಯ ಹಾಳೆ ತೆಗೆಯಿರಿ. ಮರಿಯ ಜೊತೆ ಲಸಿಕೆಯ ಕಾರ್ಡು, ತಿನ್ನುತ್ತಿದ್ದ ಆಹಾರದ ಒಂದು ಪೊಟ್ಟಣ, ರೇಬೀಸ್ ಲಸಿಕೆ ಮೂರು ತಿಂಗಳಿಗೆ ಬಾಕಿ ಇದೆಯೆಂಬ ಚೀಟಿ ಕೊಡಿ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಿಮಗೇ ಮರಳಿಸಬೇಕೆಂದು ಬರೆಸಿಕೊಳ್ಳಿ. ಇತ್ತ ತಾಯಿ ಕೆಲವೇ ತಿಂಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಆ ಸಲ ಗೇಟಿಗೆ ಬೀಗ ಹಾಕಿ. ಇನ್ನು ಮರಿ ಬೇಡವೆಂದಾದರೆ ಹಾಲು ಬತ್ತಿದ ಮೇಲೆ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಳ್ಳಿ.