ದೂರದ ಕಿವಿ, ಹತ್ತಿರದ ನೆರವು

ಸಾಂಪ್ರದಾಯಿಕ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ಸಾಗಿಸುವುದು. ಗಂಡಸಿನ ಕಂಠದ ಮೂಲಸ್ವರ ಇದಕ್ಕೂ ಕೆಳಗಿನದು; ದಾರಿಯಲ್ಲೇ ಲೋಪವಾಗುವ ಅದನ್ನು ಕೇಳುವವರ ಮಿದುಳು ಉಪಸ್ವರಗಳ ಆಧಾರದಿಂದ ತುಂಬಿಕೊಳ್ಳುತ್ತದೆ. ಆದುದರಿಂದಲೇ ಧ್ವನಿಯಲ್ಲಿನ ದುಃಖವೂ ದೂರಕ್ಕೆ ತಿಳಿಯುವುದು. ಆದರೆ ಬಾಡಿದ ಮುಖವನ್ನಾಗಲಿ, ನಡುಗುವ ಕೈಯನ್ನಾಗಲಿ ಹೀಗೆ ತುಂಬಿಕೊಳ್ಳಲು ಬಾರದು. ದೂರದ ಆಪ್ತಸಲಹೆಗಾರರೊಡನೆ ಮಾತಾಡುವಾಗ ಈ ಕೊರತೆಯನ್ನು ನಾವೇ ನೀಗಬೇಕು: ನಿದ್ರೆ ಕೆಟ್ಟು ಎಷ್ಟು ದಿನವಾಯಿತು, ಊಟ ಸೇರುವುದೇ, ಸಾಯುವ ಯೋಚನೆ ಬಂದಿದೆಯೇ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಮುಚ್ಚಿಟ್ಟದ್ದು ಅವರಿಗೆ ಕಾಣದು.

ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸಂಸ್ಥೆ. 14416ಕ್ಕೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ನೆರವು ದೊರೆಯುವುದು. ಅಗತ್ಯಬಿದ್ದರೆ ಅಲ್ಲಿಂದ ವೈದ್ಯರ ಬಳಿಗೂ ದಾರಿಯುಂಟು. ಜ್ವರವನ್ನು ಹೇಳಲು ನಾಚದ ನಾವು ಮನಸ್ಸಿನ ನೋವನ್ನು ಹೇಳಲು ಏಕೆ ನಾಚಬೇಕು?