ಅಜ್ಜನ ಜೀಪು: ಬದಲಿಸೋಕೆ ಮುಂಚೆ ಹಾಕಬೇಕಾದ ಲೆಕ್ಕ

ಮೂಡಲಗಿ ತಾಲೂಕಿನ ನಮ್ಮ ಗೆಳೆಯನ ಮನೆಯ ಹಿತ್ತಲದಾಗ ಒಂದು ಹಳೆ ಜೀಪು ನಿಂತಿತ್ತು. ಅವರಜ್ಜ ಕಬ್ಬಿನ ಹೊಲಕ್ಕೆ ಓಡಾಡಿದ ಗಾಡಿ. ಮೇಲೆ ತಾಡಪತ್ರಿ, ಒಳಗೆ ಕೋಳಿ. ಸೆಮಿಸ್ಟರ್ ರಜೆಯಲ್ಲಿ ನಾಲ್ಕು ಜನ ಮೆಕ್ಯಾನಿಕಲ್ ಹುಡುಗರು ಅದರ ಸುತ್ತ ಕೂತಾಗ ಮೊದಲ ದಿನವೇ ಪಟ್ಟಿ ತಯಾರಾಯಿತು: 31 ಇಂಚಿನ ಟೈರು, ನಾಲ್ಕು ಇಂಚು ಲಿಫ್ಟ್, ದೊಡ್ಡ ಡೀಸೆಲ್ ಎಂಜಿನ್, ಮುಂದೆ ಕಬ್ಬಿಣದ ಬಂಪರ್, ಮೇಲೆ ಸಾಲು ಲೈಟು. ಊರಿನ ಹಿರಿಯ ಮಿಸ್ತ್ರಿಯೊಬ್ಬರು ಪಟ್ಟಿ ಕೇಳಿ ನಕ್ಕು, "ತಮ್ಮಾ, ಮದ್ಲ ಗಾಡಿ ನಿಂದ್ರೂದು ನೋಡ್ರಿ, ಓಡೂದು ಆಮ್ಯಾಲ" ಅಂದರು.

ನಾವು ಕೇಳಲಿಲ್ಲ. ಎಂಜಿನ್ ಚಾಲೂ ಆದ ಖುಷಿಗೆ ಕಾಲುವೆ ದಂಡೆ ತನಕ ಹೊರಟೆವು. ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಒಮ್ಮೆಲೇ ತಳಕ್ಕೆ ಹೋಯಿತು. ಗಾಡಿ ಮೊದಲ ಗೇರಿನಲ್ಲಿತ್ತು, ಸ್ವಿಚ್ ಆಫ್ ಮಾಡಿದ್ದಕ್ಕೆ ಎಂಜಿನ್ನೇ ಅದನ್ನ ಹಿಡಿದು ನಿಲ್ಲಿಸಿತು. ನೀರು ಎಂಟು ಹೆಜ್ಜೆ ದೂರ ಇತ್ತು. ಅವತ್ತು ರಾತ್ರಿ ಪಟ್ಟಿ ಹರಿದು ಹಾಕಿ, ನೋಟ್‌ಬುಕ್ಕು ತೆಗೆದೆವು. ಈ ಲೇಖನ ಆ ನೋಟ್‌ಬುಕ್ಕಿನದು.

ಗಾಡಿಯ ಗುರುತು

ಜೀಪಿನ ಮೂಲ 1941ರ ವಿಲ್ಲೀಸ್ ಎಂಬಿ, ಎರಡನೇ ಮಹಾಯುದ್ಧದ ಗಾಡಿ. ನಮ್ಮಲ್ಲಿ ಇದನ್ನು ಮನೆಮಾತು ಮಾಡಿದ್ದು ಮಹೀಂದ್ರಾ. 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಅಂತ ಶುರುವಾದ ಕಂಪನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. 1953ರಲ್ಲಿ ವಿಲ್ಲೀಸ್ ತಂದ ಸಿಜೆ-3ಬಿ ಮಾದರಿಯಲ್ಲಿ ಹರಿಕೇನ್ ಎಂಬ 134 ಘನ ಇಂಚಿನ, ಅಂದರೆ 2.2 ಲೀಟರಿನ ಪೆಟ್ರೋಲ್ ಎಂಜಿನ್ ಇತ್ತು. ಅದು ಹಿಂದಿನ ಎಂಜಿನ್‌ಗಿಂತ ಎತ್ತರ, ಹಾಗಾಗಿ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮೂರಲ್ಲಿ ಕಾಣುವ ಉದ್ದ ಮುಖದ ಹಳೆ ಜೀಪಿನ ರೂಪ ಅಲ್ಲಿಂದ ಬಂದದ್ದು. ಇದರ ವ್ಹೀಲ್‌ಬೇಸ್ 80 ಇಂಚು. ನಂತರದ ಎಂಎಂ540 ಬೇರೆಯದೇ ಗಾಡಿ: 91 ಇಂಚು ವ್ಹೀಲ್‌ಬೇಸ್, 2,112 ಸಿಸಿಯ ಪ್ಯೂಜೋ ಡೀಸೆಲ್.

ಬಿಡಿಭಾಗ ಕೊಳ್ಳುವ ಮುಂಚೆ ಈ ಗುರುತು ಆಗಲೇಬೇಕು. ಹಳೆ ಪೆಟ್ರೋಲ್ ಜೀಪುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಕೂಡಿಸಿದ್ದು ಬಹಳ. ಗೇರ್‌ಬಾಕ್ಸ್ ಒಂದರದ್ದು, ಆಕ್ಸಲ್ ಇನ್ನೊಂದರದ್ದು ಇರಬಹುದು. ಆರ್‌ಸಿ ಪುಸ್ತಕದ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಲೋಹದ ಮೇಲಿನ ನಂಬರಿಗೆ ಹೋಲಿಸಿ ನೋಡಿ. ತಾಳೆ ಆಗದಿದ್ದರೆ ಸ್ಪ್ಯಾನರ್ ಕೆಳಗಿಡಿ. ಆ ಸಮಸ್ಯೆ ಗ್ಯಾರೇಜಿನಲ್ಲಿ ಬಗೆಹರಿಯೋದಲ್ಲ.

ಆಕ್ಸಲ್ ಅನುಪಾತ ತಿಳಿಯೋಕೆ ಹೌಸಿಂಗ್ ಬಿಚ್ಚಬೇಕಿಲ್ಲ. ಹಿಂದಿನ ಒಂದು ಗಾಲಿ ಮಾತ್ರ ಎತ್ತಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಿ. ಒಂದು ಗಾಲಿ ನಿಂತಿದ್ದು ಇನ್ನೊಂದು ಎರಡು ಸುತ್ತಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ, ಡಿಫರೆನ್ಷಿಯಲ್ ಪಾಠದಲ್ಲಿ ಓದಿದ್ದೇ ಇದು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಹಾಕಿತೋ ಅದೇ ಅನುಪಾತ. ಐದೂಕಾಲು ದಾಟಿ ಸ್ವಲ್ಪ ಬಂದರೆ 5.38 (43 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್), ಐದಕ್ಕೆ ತುಸು ಕಡಿಮೆ ಬಂದರೆ 4.88 (39 ಮತ್ತು 8). ಮುಂದಿನ ಆಕ್ಸಲ್‌ನದೂ ಇದೇ ಬರಬೇಕು. ಎರಡೂ ಬೇರೆ ಇದ್ದರೆ ಫೋರ್‌ವ್ಹೀಲ್ ಹಾಕಿದ ಕ್ಷಣ ಗೇರುಗಳು ಒಂದಕ್ಕೊಂದು ಜಗ್ಗಾಡುತ್ತವೆ.

ಇಲ್ಲೇ ಒಂದು ಅಪಾಯ ಹೇಳಿಬಿಡುತ್ತೇವೆ. ವಿಲ್ಲೀಸ್ ವಿನ್ಯಾಸದಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಗಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಹಿಂದಿನ ಒಂದು ಗಾಲಿ ಎತ್ತಿದಿರೋ, ಶಾಫ್ಟ್ ಬಿಗಿ ಇದ್ದರೂ ಎತ್ತಿದ ಗಾಲಿ ಉಲ್ಟಾ ತಿರುಗಿ ಗಾಡಿ ಉರುಳಬಲ್ಲದು. ಹ್ಯಾಂಡ್‌ಬ್ರೇಕ್ ನಂಬಿ ಕೆಳಗೆ ಹೋಗಬೇಡಿ. ಗಾಲಿಗೆ ಕಲ್ಲು, ಚಾಸಿ ಕೆಳಗೆ ಸ್ಟ್ಯಾಂಡು, ಬರೀ ಜಾಕ್ ಮೇಲೆ ಎಂದೂ ಬೇಡ.

ಮೂರು ತಾಲೂಕು, ಮೂರು ನೆಲ

ಗಾಡಿ ಎಲ್ಲಿ ಓಡಬೇಕು ಅನ್ನೋದು ತಿಳಿಯದೆ ಏನನ್ನೂ ಬದಲಿಸಬಾರದು. ನಮಗೆ ಮೂರು ನೆಲ ಇವೆ.

ಮೂಡಲಗಿ ಕಡೆ ಘಟಪ್ರಭಾ ಕಾಲುವೆಯ ನೀರು, ಎರಿ ಮಣ್ಣು, ಕಬ್ಬು. ಮಳೆ ಬಿದ್ದರೆ ಮಣ್ಣು ಗಾಲಿಗೆ ಅಂಟಿ ಟೈರಿನ ಗೆರೆಗಳೇ ಮುಚ್ಚಿಹೋಗುತ್ತವೆ. ಕಬ್ಬಿನ ಟ್ರ್ಯಾಕ್ಟರು ತುಳಿದ ತಗ್ಗಿನಲ್ಲಿ ಗಾಲಿ ಇಳಿದರೆ ನಡುವಿನ ದಿಬ್ಬ ಡಿಫರೆನ್ಷಿಯಲ್‌ಗೆ ಬಡಿಯುತ್ತದೆ. ಗೋಕಾಕ ಕಡೆ ಕಲ್ಲಿನ ಗುಡ್ಡ. ಫಾಲ್ಸ್, ಗೊಡಚಿನಮಲ್ಕಿ, ಯೋಗಿಕೊಳ್ಳ ಸುತ್ತಿನ ಹಾದಿಗಳಲ್ಲಿ ವೇಗ ಬೇಡ, ನಿಧಾನ ಬೇಕು. ಹುಕ್ಕೇರಿ ತಾಲೂಕಿನಲ್ಲಿ ಒಂದು ಕಡೆ ಹಿಡಕಲ್ ಡ್ಯಾಮಿನ ಹಿನ್ನೀರು, ಇನ್ನೊಂದು ಕಡೆ ಸಂಕೇಶ್ವರದ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿ. ಅಲ್ಲಿ ಲಾರಿಗಳ ನಡುವೆ ನೆಟ್ಟಗೆ ಓಡಬೇಕು, ಬೇಕೆಂದಾಗ ನಿಲ್ಲಬೇಕು.

ಲೆಕ್ಕ ಒಂದು: ದೊಡ್ಡ ಎಂಜಿನ್ ಬೇಕಾ?

ಹರಿಕೇನ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 155 ನ್ಯೂಟನ್-ಮೀಟರ್. ಮೂರು ಗೇರಿನ ಟಿ-90 ಬಾಕ್ಸಿನ ಮೊದಲ ಗೇರು 2.80, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38.

2.80 × 2.46 × 5.38 = ಸುಮಾರು 37

ಅಂದರೆ ಎಂಜಿನ್ 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಗೇರುಗಳಲ್ಲಿ ಶೇ. 15 ನಷ್ಟ ಅಂತ ಹಿಡಿದರೆ ಗಾಲಿಗಳಿಗೆ ಸಿಗುವ ಒಟ್ಟು ಟಾರ್ಕ್ 155 × 37 × 0.85 = ಸುಮಾರು 4,875. ಗಾಲಿಯ ತ್ರಿಜ್ಯ 14 ಇಂಚು, ಅಂದರೆ 0.356 ಮೀಟರ್. ಭಾಗಿಸಿದರೆ ನೆಲದ ಮೇಲಿನ ಎಳೆತ ಸುಮಾರು 13,700 ನ್ಯೂಟನ್.

ಈಗ ನೆಲ ಎಷ್ಟು ಹಿಡಿತ ಕೊಡುತ್ತದೆ ನೋಡೋಣ. ಜನ, ಸಾಮಾನು ಸೇರಿ ಗಾಡಿ 1,400 ಕೆಜಿ ಅಂತಿಟ್ಟುಕೊಳ್ಳಿ, ತೂಕ ಸುಮಾರು 13,700 ನ್ಯೂಟನ್. ಒಣ ಮಣ್ಣಿಗೆ ಘರ್ಷಣಾಂಕ 0.6 ಹಿಡಿದರೆ ಹಿಡಿತ 8,200, ಹಸಿ ಎರಿಗೆ 0.25 ಹಿಡಿದರೆ ಬರೀ 3,400.

ಅಂದರೆ ಎಂಜಿನ್ ಸೋಲುವ ಮೊದಲೇ ಗಾಲಿ ಜಾರುತ್ತದೆ. ಎಂಜಿನ್ ಇನ್ನೂ ದೊಡ್ಡದಾದರೆ ಹೆಚ್ಚಾಗೋದು ತಗ್ಗಿನ ಆಳ ಮಾತ್ರ. ಎರಿ ಮಣ್ಣಿನಲ್ಲಿ ಸಿಕ್ಕಿಬಿದ್ದ ಜೀಪಿಗೆ ಬೇಕಾದದ್ದು ಕುದುರೆ ಶಕ್ತಿ ಅಲ್ಲ, ಟೈರಿನ ಗಾಳಿ ಸ್ವಲ್ಪ ಇಳಿಸೋದು, ನಿಧಾನದ ಗೇರು, ಒಂದು ಸಲಿಕೆ. ಟಾರ್ ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸೋದು, ಫೋರ್‌ವ್ಹೀಲ್ ತೆಗೆಯೋದು ಮರೀಬೇಡಿ. ಈ ಜೀಪಿಗೆ ನಡುವಿನ ಡಿಫರೆನ್ಷಿಯಲ್ ಇಲ್ಲ, ಗಟ್ಟಿ ನೆಲದ ತಿರುವಿನಲ್ಲಿ ಇಡೀ ಗೇರ್ ಸಾಲು ತಿರುಚಿಕೊಳ್ಳುತ್ತದೆ.

ಹೆದ್ದಾರಿ ಲೆಕ್ಕವೂ ಇದೆ. 28 ಇಂಚಿನ ಗಾಲಿ, ಟಾಪ್ ಗೇರು: ಗಂಟೆಗೆ 60 ಕಿ.ಮೀ.ಗೆ ಎಂಜಿನ್ ನಿಮಿಷಕ್ಕೆ 2,400 ಸುತ್ತು, 80ಕ್ಕೆ 3,200. ಸಂಕೇಶ್ವರದ ಹಾದಿಯಲ್ಲಿ 60ರ ಆಸುಪಾಸೇ ಇದರ ಪ್ರಾಮಾಣಿಕ ವೇಗ. ಉಳಿದವರು ಮುಂದೆ ಹೋಗಲಿ ಬಿಡಿ.

ಲೆಕ್ಕ ಎರಡು: 31 ಇಂಚಿನ ಟೈರು

ಮೂಲ 6.00-16 ಟೈರಿನ ವ್ಯಾಸ ಸುಮಾರು 28 ಇಂಚು. 31 ಹಾಕಿದರೆ ಆಕ್ಸಲ್ ಕೆಳಗಿನ ಜಾಗ ಒಂದೂವರೆ ಇಂಚು ಹೆಚ್ಚುತ್ತದೆ. ಇದು ನಿಜವಾದ ಲಾಭ. ಕಮಾನ್ ಪಾಟಾ ಬದಲಿಸಿ ನಾಲ್ಕು ಇಂಚು ಎತ್ತಿದರೆ ಮೇಲೇರುವುದು ಚಾಸಿ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಕಬ್ಬಿನ ಹಾದಿಯ ದಿಬ್ಬಕ್ಕೆ ಬಡಿಯೋದೂ ಅದೇ. ನಮ್ಮಲ್ಲಿ ಇಬ್ಬರಿಗೆ ಇದು ಲೆಕ್ಕ ಹಾಕುವ ತನಕ ಹೊಳೆದಿರಲಿಲ್ಲ.

ಈಗ ನಷ್ಟ. 31 ÷ 28 = 1.107. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 66. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ, ಹಾಗಾಗಿ ಶೇ. 22 ಜಾಸ್ತಿ. ಅದೇ ಡ್ರಮ್ಮು, ಅದೇ ಲೈನರು ದೊಡ್ಡ ತ್ರಿಜ್ಯದ ಗಾಲಿಯನ್ನು ಹಿಡಿಯಬೇಕು, ಹಾಗಾಗಿ ನೆಲದ ಮೇಲಿನ ಬ್ರೇಕ್ ಬಲ ಸುಮಾರು ಶೇ. 10 ಕಡಿಮೆ. ಎರಡೂ ಸೇರಿದರೆ 1.107ರ ಘನ, ಅಂದರೆ 1.36. ಮೊದಲು ನೂರು ಹೆಜ್ಜೆಯಲ್ಲಿ ನಿಲ್ಲುತ್ತಿದ್ದ ಗಾಡಿ ಈಗ 136 ಹೆಜ್ಜೆ ಕೇಳುತ್ತದೆ. ನಮ್ಮ ಹತ್ರ ಅವತ್ತು ಎಂಟು ಇದ್ದವು.

ಲೆಕ್ಕ ಮೂರು: ಎತ್ತರ

ಜೀಪಿನ ಎಡ-ಬಲ ಗಾಲಿಗಳ ನಡುವಿನ ಅಂತರ ಸುಮಾರು 48 ಇಂಚು, ಅರ್ಧ ಅಂದರೆ 24. ಗುರುತ್ವ ಕೇಂದ್ರ ನೆಲದಿಂದ 26 ಇಂಚು ಅಂತ ಊಹಿಸೋಣ. 24 ÷ 26 = 0.92. ಪಕ್ಕಕ್ಕೆ ಸುಮಾರು 43 ಡಿಗ್ರಿ ವಾಲಿದಾಗ ಮಗುಚುತ್ತದೆ. ಟೈರು, ಲಿಫ್ಟು ಸೇರಿ ಕೇಂದ್ರ ನಾಲ್ಕು ಇಂಚು ಮೇಲೇರಿತು ಅನ್ನಿ: 24 ÷ 30 = 0.80, ಕೋನ 39 ಡಿಗ್ರಿ. ಇದು ಗಾಡಿ ನಿಂತಾಗಿನ ಕಾಗದದ ಲೆಕ್ಕ. ಓಡುವಾಗ ಪಾಟಾ ಬಾಗುತ್ತದೆ, ಟೈರು ಅಮುಕುತ್ತದೆ, ಒಂದು ಗಾಲಿ ಕಲ್ಲಿಗೆ ಏರುತ್ತದೆ, ಮೇಲೆ ಲೈಟಿನ ಸಾಲೂ ಇದ್ದರೆ ಇನ್ನೂ ಕಡಿಮೆ. ಗೋಕಾಕದ ಗುಡ್ಡದ ಅಡ್ಡ ಇಳಿಜಾರಿನಲ್ಲಿ ಆ ನಾಲ್ಕು ಡಿಗ್ರಿಯೇ ನಮ್ಮ ಬಂಡವಾಳ.

ಮೊದಲು ನಿಲ್ಲಬೇಕು

ಹಳೆ ಜೀಪಿನ ಬ್ರೇಕು ಒಂದೇ ಸರ್ಕ್ಯೂಟ್. ನಾಲ್ಕು ಗಾಲಿಗೂ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಎಣ್ಣೆ. ಎಲ್ಲಿ ಸೋರಿದರೂ ನಾಲ್ಕೂ ಹೋದವು. ನಮ್ಮ ಗಾಡಿಯಲ್ಲಿ ಹಿಂದಿನ ಒಂದು ವ್ಹೀಲ್ ಸಿಲಿಂಡರಿನ ರಬ್ಬರ್ ಹರಿದಿತ್ತು, ಅಷ್ಟೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರು, ಹೋಸು, ಸ್ಟೀಲ್ ಪೈಪು ಎಲ್ಲಾ ಬದಲಿಸಬೇಕು, ಚೆನ್ನಾಗಿ ಕಂಡರೂ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ: ಡಾಟ್-3 ಎಣ್ಣೆಗೆ ನಿಗದಿಯಾದ ಕನಿಷ್ಠ ಕುದಿ ಬಿಂದು ಹೊಸದಾಗಿದ್ದಾಗ 205 ಡಿಗ್ರಿ, ತೇವ ಹಿಡಿದಾಗ 140. ಎಣ್ಣೆ ಕುದ್ದು ಆವಿ ಆದರೆ ಪೆಡಲ್ ಮತ್ತೆ ತಳಕ್ಕೆ. ಹಳೆ ಲೈನರ್ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೆಯಬೇಡಿ, ಹಸಿ ಬಟ್ಟೆಯಿಂದ ಒರೆಸಿ.

ಬ್ರೇಕಿನ ನಂತರ ಸ್ಟೇರಿಂಗಿನ ಸಡಿಲ, ಆಮೇಲೆ ಚಾಸಿ. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಗಣ್ ಅನ್ನುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ದಪ್ ಅನ್ನುತ್ತದೆ. ವೆಲ್ಡಿಂಗ್ ಮಾಡುವ ಮುಂಚೆ ನೆನಪಿಡಿ: ಈ ಜೀಪಿನ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಇರೋದು ಪೆಟ್ರೋಲಿನ ಆವಿ. ಟ್ಯಾಂಕು ಬಿಚ್ಚಿ ದೂರ ಇಡಿ, ಬ್ಯಾಟರಿ ತಂತಿ ತೆಗೆಯಿರಿ. ಚಾಸಿಯ ಬೆಸುಗೆ ಮಾತ್ರ ಕೈ ಪಳಗಿದವರಿಂದಲೇ ಆಗಲಿ. ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಹಾಪುರದ ವರ್ಕ್‌ಶಾಪುಗಳು ಇರುವಾಗ ಅದನ್ನ ಯೂಟ್ಯೂಬ್ ನೋಡಿ ಕಲಿಯೋ ಗರಜಿಲ್ಲ.

ಕಾನೂನು ಎಲ್ಲಿ ನಿಲ್ಲಿಸುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ವಿರುದ್ಧ ಆಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ಅಂದರೆ ಅಜ್ಜನ ಜೀಪನ್ನು ಬದಲಿಸಿದಷ್ಟೂ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ.

ಕೊನೆಗೆ ಉಳಿದ ಪಟ್ಟಿ

ನಮ್ಮ ಹೊಸ ಪಟ್ಟಿ ಸಣ್ಣದು. ಬ್ರೇಕು ಪೂರ್ತಿ ಹೊಸದು. ಸ್ಟೇರಿಂಗ್ ಜಾಯಿಂಟುಗಳು. ಚಾಸಿಯ ಎರಡು ಕಡೆ ಬೆಸುಗೆ. ವೈರಿಂಗ್ ಪೂರ್ತಿ, ಫ್ಯೂಸ್ ಸಮೇತ. ಮೂಲ ಅಳತೆಯದೇ ಹೊಸ ಟೈರು. ಎಂಜಿನ್ ಅದೇ, ಪಾಟಾ ಅದೇ, ಎತ್ತರ ಅದೇ. ದೊಡ್ಡ ಟೈರಿಗೆ ಎತ್ತಿಟ್ಟ ದುಡ್ಡು ಬ್ರೇಕಿಗೆ ಹೋಯಿತು.

ನವೀಕರಣ ಆಗುವ ತನಕ ಗಾಡಿ ಹೊಲದ ಒಳಗಷ್ಟೇ. ಕಳೆದ ವಾರ ಮಿಸ್ತ್ರಿಯವರು ಬಂದು ಪೆಡಲ್ ಒತ್ತಿ ನೋಡಿದರು. ಅರ್ಧಕ್ಕೇ ಗಟ್ಟಿ ನಿಂತಿತು. "ಈಗ ಓಡಸ್ರಿ" ಅಂದರು. ಗೆಳೆಯನ ಅಜ್ಜ ಮುಂದಿನ ಸೀಟಿನಲ್ಲಿ ಕೂತರು. ಕಾಲುವೆ ದಂಡೆಯ ಇಳಿಜಾರಿನ ತುದಿಗೆ ಹೋಗಿ, ನಿಲ್ಲಿಸಿ, ವಾಪಸ್ ಬಂದೆವು.